ಹನ್ನೆರಡನೆಯ ಯಂತ್ರ ಮತ್ತು ನದಿಯ ಭೋಂಗಾ

ದಾಂಡೇಲಿಯಲ್ಲಿರುವ ನಮ್ಮ ಕಂಪನಿಯ ಸರ್ವರ್ ಕೋಣೆಯಲ್ಲಿ ಹನ್ನೆರಡು ಯಂತ್ರಗಳಿದ್ದವು. ಹನ್ನೊಂದು ಯಂತ್ರಗಳು ಏನು ಕೆಲಸ ಮಾಡುತ್ತಿದ್ದವೆಂದು ನಮಗೆ ಗೊತ್ತಿತ್ತು. ಹನ್ನೆರಡನೆಯದನ್ನು ನಂಬಿಕೊಂಡು ಒಬ್ಬ ಮನುಷ್ಯ ಕಾಳಿ ನದಿಯ ನೀರಿಗೆ ಇಳಿಯುತ್ತಿದ್ದ. ಆ ಯಂತ್ರವನ್ನು ಕೂಡಿಸಿದವನು ನಾನು, ಮರೆತವನು ನಾನು, ಬಂದ್ ಮಾಡಿದವನೂ ನಾನೇ.

ನನ್ನ ನೆನಪಿನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ವಿಶ್ವವಿದ್ಯಾಲಯದಲ್ಲಿ ಓದುವಾಗ ಪ್ರಯೋಗಾಲಯದ ಮೇಷ್ಟ್ರು, ಬರೆದಿಡದ ಅಳತೆ ಅಳತೆಯೇ ಅಲ್ಲ ಎಂದು ತಲೆಗೆ ತುಂಬಿದ್ದರು. ಅಂದಿನಿಂದ ಜೇಬಿನಲ್ಲಿ ನೋಟ್‌ಬುಕ್ ಇಟ್ಟುಕೊಳ್ಳುತ್ತೇನೆ. ಈ ಕೆಲಸದ ವಿಷಯದಲ್ಲಿ ನನ್ನ ನೆನಪು ಒಂದು ಹೇಳುತ್ತದೆ, ನೋಟ್‌ಬುಕ್ ಕೆಲವು ಕಡೆ ಬೇರೆಯೇ ಹೇಳುತ್ತದೆ. ಎರಡೂ ಹೊಂದದ ಕಡೆ ಹಾಗೆಂದೇ ಬರೆಯುತ್ತೇನೆ.

ನಮ್ಮದು ರಟ್ಟಿನ ಪೆಟ್ಟಿಗೆ ಮಾಡುವ ಕಂಪನಿ. ಕಾರ್ಖಾನೆ ದಾಂಡೇಲಿಯಲ್ಲಿ, ಕಚ್ಚಾ ಮಾಲಿನ ಅಂಗಳ ಹಳಿಯಾಳದಲ್ಲಿ, ಗೋದಾಮು ಮುಂಡಗೋಡದಲ್ಲಿ. ಜೊಯಿಡಾ ತಾಲೂಕಿನ ಕುಂಬಾರವಾಡದ ಹತ್ತಿರ ಒಂದು ಸಸಿ ತೋಟವೂ ಇದೆ. ಈ ನಾಲ್ಕೂ ಕಡೆಯ ಲೆಕ್ಕ, ದಾಸ್ತಾನು, ಹಾಜರಿ, ತೂಕ, ಪ್ರಯೋಗಾಲಯದ ವರದಿ ಎಲ್ಲವೂ ಆ ಕೋಣೆಯಲ್ಲಿ ನಡೆಯುತ್ತಿದ್ದವು. ಒಂದೊಂದು ಕೆಲಸಕ್ಕೆ ಒಂದೊಂದು ಯಂತ್ರ ಕೊಂಡ ಕಾಲ ಅದು. ಒಂದು ತಿಂಗಳು ಅಳೆದು ನೋಡಿದೆ. ಹೆಚ್ಚಿನವು ತಮ್ಮ ಶಕ್ತಿಯ ಹತ್ತರಲ್ಲಿ ಒಂದು ಪಾಲನ್ನೂ ಬಳಸುತ್ತಿರಲಿಲ್ಲ. ಕರೆಂಟು ಮಾತ್ರ ಪೂರ್ತಿ ತಿನ್ನುತ್ತಿದ್ದವು. ಎರಡಕ್ಕೆ ಬಿಡಿಭಾಗ ಸಿಗುವುದೂ ನಿಂತಿತ್ತು.

ಯೋಜನೆ ಸರಳವಾಗಿತ್ತು. ಮೂರು ದೊಡ್ಡ ಹೊಸ ಯಂತ್ರಗಳನ್ನು ತರುವುದು. ಹಳೆಯ ಒಂದೊಂದು ಸರ್ವರನ್ನೂ ಅದರ ಡಿಸ್ಕಿನ ಸಮೇತ ಪೂರ್ತಿ ನಕಲು ಮಾಡಿ, ಹೊಸದರೊಳಗೆ ಪ್ರತ್ಯೇಕ ಯಂತ್ರದಂತೆಯೇ ಓಡಿಸುವುದು. ಇದನ್ನೇ ವರ್ಚುವಲೈಸೇಶನ್ ಎನ್ನುತ್ತಾರೆ. ಮೂರರಲ್ಲಿ ಒಂದು ಕೆಟ್ಟರೂ ಉಳಿದೆರಡು ಎಲ್ಲ ಭಾರ ಹೊರುವಂತಿರಬೇಕು. ವರ್ಷಕ್ಕೊಮ್ಮೆ ಬಾಯ್ಲರ್ ದುರಸ್ತಿಗೆಂದು ಕಾರ್ಖಾನೆ ಐದು ದಿನ ಬಂದ್ ಇರುತ್ತದೆ. ಆ ಐದು ದಿನಗಳಲ್ಲಿ ಕೊನೆಯ ಬದಲಾವಣೆ ಮುಗಿಯಬೇಕು.

"ಈ ಬಂದ್ ತಪ್ಪಿತು ಅಂದ್ರ ಮುಂದಿನ ವರ್ಷಾನ ನೋಡ್ರಿ ಮತ್ತ," ಎಂದರು ನಮ್ಮ ಜನರಲ್ ಮ್ಯಾನೇಜರ್. "ನಿಮ್ಮ ಯಂತ್ರಗಳು ಒಂದ ವರ್ಷ ತಡೀತಾವೇನು?"

ತಡೆಯುವುದಿಲ್ಲ ಎಂದೆ.

ಮೊದಲ ಕೆಲಸ ಯಾದಿ ಮಾಡುವುದು. ಯಾವ ಯಂತ್ರವನ್ನು ಯಾರು ಬಳಸುತ್ತಾರೆ ಎಂದು ಕೇಳುವ ಎರಡು ಪುಟದ ಒಂದು ಫಾರ್ಮ್ ತಯಾರಿಸಿದೆ. ಮೊದಲ ಪ್ರಶ್ನೆ: ನೀವು ಯಾವ ಕಂಪ್ಯೂಟರ್ ಬಳಸುತ್ತೀರಿ? ಫಾರ್ಮ್ ಹಿಡಿದು ಎಲ್ಲ ಕಡೆ ಸುತ್ತಿದೆ. ಮುಂಡಗೋಡದ ಗೋದಾಮಿನಲ್ಲಿ ಅರ್ಧ ದಿನ ಸಾಕಾಯಿತು. ಕುಂಬಾರವಾಡಕ್ಕೆ ಹೋಗುವ ಬಸ್ಸು ಸಿಕ್ಕಿತು, ಬರುವ ಬಸ್ಸು ಸಿಗಲಿಲ್ಲ. ತೋಟದ ಮೇಲ್ವಿಚಾರಕನ ಮನೆಯಲ್ಲೇ ಉಳಿದು ಮರುದಿನ ಬಂದೆ. ಅಲ್ಲಿಯ ಕಂಪ್ಯೂಟರ್ ಪ್ಲಾಸ್ಟಿಕ್ ಹೊದ್ದುಕೊಂಡು ಕುಳಿತಿತ್ತು. ನೆಟ್‌ವರ್ಕ್ ಸಿಕ್ಕ ದಿನ ಮಾತ್ರ ಅದಕ್ಕೆ ಬಿಡುಗಡೆ.

ಕಾರ್ಖಾನೆಯ ನೀರಿನ ಪಂಪ್‌ಹೌಸ್ ಊರಿನಿಂದ ನಾಲ್ಕು ಕಿಲೋಮೀಟರ್ ದೂರ, ನದಿಯ ದಂಡೆಯ ಮೇಲಿದೆ. ಅಲ್ಲಿಯ ಪಂಪ್ ಆಪರೇಟರ್ ಹಳಿಯಾಳ ಕಡೆಯ ಸಿದ್ದಿ ಸಮುದಾಯದವನು. ನಲವತ್ತು ದಾಟಿದ ಎತ್ತರದ ಆಳು. ನಾನು ಹೋದಾಗ ಅವನು ಮೊಣಕಾಲುದ್ದ ನೀರಿನಲ್ಲಿ ನಿಂತು, ಉದ್ದ ಕೊಕ್ಕೆಯಿಂದ ಜಾಲರಿಗೆ ಸಿಕ್ಕ ಎಲೆ, ಬಿದಿರಿನ ತುಂಡು, ಹರಿದ ಚೀಲ ಎಳೆದು ಹಾಕುತ್ತಿದ್ದ. ನದಿಯ ನೀರು ಬಾವಿಗೆ ಬರುವುದು ಆ ಕಬ್ಬಿಣದ ಜಾಲರಿಯ ಮೂಲಕ. ಅದು ಕಟ್ಟಿಕೊಂಡರೆ ಕಾರ್ಖಾನೆಗೆ ನೀರಿಲ್ಲ.

"ನೀವು ಇಲ್ಲಿ ಕಂಪ್ಯೂಟರ್ ಏನಾದರೂ ಬಳಸುತ್ತೀರಾ?" ಎಂದು ದಂಡೆಯಿಂದಲೇ ಕೇಳಿದೆ.

"ನೀರಾಗ ನಿಂತಾವಗ ಕಂಪ್ಯೂಟರ್ ಯಾಕ್ರಿ ಸಾಹೇಬ್ರ?" ಎಂದು ನಕ್ಕ. "ಕೊಕ್ಕಿ ಒಂದ ಐತಿ. ಬರಕೋರಿ ಬೇಕಾದ್ರ."

'ಪಂಪ್‌ಹೌಸ್: ಇಲ್ಲ' ಎಂದು ಬರೆದುಕೊಂಡೆ. ಆ ಪುಟ ಈಗಲೂ ನನ್ನ ಹತ್ತಿರ ಇದೆ.

ಕಾಳಿ ನದಿಯ ಸೂಪಾ ಅಣೆಕಟ್ಟಿನ ಕೆಳಗೆ ಬದುಕುವವರಿಗೆ ಒಂದು ಸಂಗತಿ ಹೇಳಿಕೊಡಬೇಕಾಗಿಲ್ಲ. ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ನದಿ ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ಬೆಳಿಗ್ಗೆ ಬಟ್ಟೆ ಒಗೆದ ಬಂಡೆ ಮಧ್ಯಾಹ್ನ ಕಾಣದೇ ಹೋಗಬಹುದು. ನನಗೂ ಇದು ಗೊತ್ತಿತ್ತು. ಆದರೆ ಫಾರ್ಮ್ ತುಂಬುವಾಗ ಅದು ತಲೆಗೆ ಬರಲಿಲ್ಲ. ನನ್ನ ಫಾರ್ಮಿನಲ್ಲಿ ನದಿಗೆ ಜಾಗವಿರಲಿಲ್ಲ.

ಹನ್ನೊಂದು ಯಂತ್ರಗಳಿಗೆ ಒಡೆಯರು ಸಿಕ್ಕರು. ಹನ್ನೆರಡನೆಯದನ್ನು ಯಾರೂ ತಮ್ಮದೆನ್ನಲಿಲ್ಲ. ಕಪಾಟಿನ ತಳದಲ್ಲಿ ಧೂಳು ಹಿಡಿದು ಕುಳಿತಿತ್ತು. ಪಾಸ್‌ವರ್ಡ್ ಯಾರ ಬಳಿಯೂ ಇರಲಿಲ್ಲ. ಅದರ ಹಿಂದೆ ಸಿಮ್ ಹಾಕುವ ಒಂದು ಪುಟ್ಟ ಮೋಡೆಮ್ ಇತ್ತು, ಅದರ ಆಂಟೆನಾ ವಾಯರು ಕಿಟಕಿಯಿಂದ ಹೊರಗೆ ಹೋಗಿತ್ತು. ಮುಂಭಾಗಕ್ಕೆ ಒಂದು ಚೀಟಿ ಅಂಟಿಸಿದ್ದರು: 'ಮುಟ್ಟಬೇಡಿ. ಕೇಳಿ.' ಯಾರನ್ನು ಕೇಳಬೇಕೆಂದು ಬರೆದಿರಲಿಲ್ಲ.

ನನಗೆ ಆ ಯಂತ್ರ ಚೆನ್ನಾಗಿ ನೆನಪಿತ್ತು. ಲಾರಿ ಡ್ರೈವರುಗಳಿಗೆ ಲೋಡಿನ ಮೆಸೇಜು ಕಳಿಸಲು ಇಟ್ಟದ್ದು ಅದು. ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂದ ಮೇಲೆ ಆ ಪದ್ಧತಿ ನಿಂತಿತು. ಯಾವ ಡ್ರೈವರ್ ಮೊದಲ ಮೆಸೇಜು ಓದಿ ಏನೆಂದ ಎಂಬುದು ಕೂಡ ನೆನಪಿತ್ತು. ಈ ನೆನಪು ಪೂರ್ತಿ ಸುಳ್ಳಲ್ಲ. ಅಂಥ ಯಂತ್ರವೊಂದು ಇತ್ತು. ಅದು ಬೇರೆ ಯಂತ್ರ, ಎಂದೋ ಗುಜರಿಗೆ ಹೋಗಿತ್ತು.

ನಮ್ಮ ವಿದ್ಯುತ್ ವಿಭಾಗದ ಹಿರಿಯ ಫಿಟ್ಟರನ್ನು ಎಲ್ಲರೂ ಚಾಚಾ ಎನ್ನುತ್ತಾರೆ. ಅವರ ತಂದೆಯೂ ದಾಂಡೇಲಿಯಲ್ಲೇ ಗಿರಣಿ ಕೆಲಸಗಾರರಾಗಿದ್ದರು. ಕೋಣೆಯ ಯುಪಿಎಸ್, ಏಸಿ, ವಾಯರಿಂಗ್ ಎಲ್ಲ ಅವರ ಕೈಯಲ್ಲೇ ಇತ್ತು. ಚೀಟಿ ನೋಡಿ ಅವರು ಹೇಳಿದರು, "ಇದು ನಿಮ್ಮ ಅಕ್ಷರಾನ ಅಲ್ರೀ ಸಾಹೇಬ್ರ?"

"ನನ್ನದಲ್ಲ. ನಾನು ಯಾರನ್ನು ಕೇಳಬೇಕೆಂದು ಬರೆಯದೆ ಬಿಡೋನಲ್ಲ."

"ಹಂಗಂತೀರಿ? 'ಳ' ನಿಮ್ಮಂಗ ಬಾಲಾ ಎಳದಾರ ನೋಡ್ರಿ."

ನಾನು ಮಾತು ಬದಲಿಸಿದೆ.

ಇಂಥ ಅನಾಥ ಯಂತ್ರಗಳಿಗೆ ನಮ್ಮ ಕೆಲಸದಲ್ಲಿ ಒಂದು ಹಳೆಯ ಪರೀಕ್ಷೆ ಇದೆ. ನೆಟ್‌ವರ್ಕ್ ಕೇಬಲ್ ಕಿತ್ತು ಕಾಯುವುದು. ಯಾರಾದರೂ ಕೂಗಿದರೆ ಅದು ಅವರದು. ಯಾರೂ ಕೂಗದಿದ್ದರೆ ಅದು ಯಾರದೂ ಅಲ್ಲ. ಬಂದ್‌ಗೆ ಹದಿನೈದು ದಿನ ಮುಂಚೆ ಒಂದು ಸೋಮವಾರ ಕೇಬಲ್ ಕಿತ್ತೆ. ನನ್ನ ಫೋನ್ ನಂಬರನ್ನು ಎಲ್ಲ ಕಚೇರಿಗಳಿಗೂ ಕಳಿಸಿ, ಏನು ನಿಂತರೂ ತಿಳಿಸಿ ಎಂದು ಬರೆದೆ. ಯಾರೂ ಕೂಗಲಿಲ್ಲ.

ಉಳಿದ ಯಂತ್ರಗಳ ಕೆಲಸದಲ್ಲಿ ಮುಳುಗಿದ್ದೆ. ಹೊಸ ಯಂತ್ರಗಳನ್ನು ಕೂಡಿಸಲು ಹುಬ್ಬಳ್ಳಿಯಿಂದ ಒಬ್ಬ ಇಂಜಿನಿಯರ್ ಬಂದಿದ್ದ. ಮಿತಭಾಷಿ, ಕೈ ಚುರುಕು. ಪ್ರಿಂಟರುಗಳ ಸರ್ವರನ್ನು ಮೊದಲು ಸಾಗಿಸಿದೆವು. ಕೆಟ್ಟರೂ ನಾಲ್ಕು ಜನ ಬೈಯುವುದಷ್ಟೇ. ಅದು ಸರಿಯಾಯಿತು. ಮುಂಡಗೋಡದ ದಾಸ್ತಾನೂ ಸರಿಯಾಯಿತು. ಹಳಿಯಾಳದ ತೂಕದ ಸರ್ವರ್ ಮೂರನೆಯದು. ಸಾಗಿಸಿದ ಮರುದಿನ ಅಂಗಳದ ಗುಮಾಸ್ತ ಫೋನ್ ಮಾಡಿದ.

"ಸರ್, ಖಾಲಿ ಲಾರಿ ಮೊದಲ ಹೊರಗ ಹೋಗಿ, ಆಮ್ಯಾಲೆ ಭರ್ತಿ ಆಗಿ ಒಳಗ ಬಂದಂಗ ಚೀಟಿ ಬರಾಕತ್ತಾವ. ಡ್ರೈವರ್ ಮಂದಿ ಕುಂತ ನಗಾಕತ್ತಾರ."

ಆ ಸರ್ವರಿಗೆ ಗಡಿಯಾರ ಹೇಳುವವರು ಇಬ್ಬರಾಗಿದ್ದರು. ಕೆಳಗಿನ ಹೊಸ ಯಂತ್ರ ಒಂದು ಸಮಯ ಹೇಳುತ್ತಿತ್ತು, ಜಾಲದ ಮೂಲಕ ಬರುವುದು ಇನ್ನೊಂದು. ಅದು ಎರಡರ ನಡುವೆ ಹಿಂದೆ ಮುಂದೆ ಓಡಾಡುತ್ತಿತ್ತು. ಒಂದನ್ನು ನಿಲ್ಲಿಸಿದ ಮೇಲೆ ಲಾರಿಗಳು ಮೊದಲು ಒಳಗೆ ಬಂದು ಆಮೇಲೆ ಹೊರಗೆ ಹೋದವು.

ಪ್ರಯೋಗಾಲಯದ ಸಾಫ್ಟ್‌ವೇರ್ ಇನ್ನೊಂದು ತಕರಾರು ತೆಗೆಯಿತು. ಯಂತ್ರದ ಬೆನ್ನಿಗೆ ಬೆರಳಿನಷ್ಟು ದೊಡ್ಡ ಕೀಲಿ ಚುಚ್ಚಿದ್ದರೆ ಮಾತ್ರ ಅದು ನಡೆಯುತ್ತದೆ. ವರ್ಚುವಲ್ ಯಂತ್ರಕ್ಕೆ ಬೆನ್ನೆಲ್ಲಿ? ಕೊನೆಗೆ ಕೀಲಿಯನ್ನು ಜಾಲದ ಮೂಲಕ ತೋರಿಸುವ ಒಂದು ಪೆಟ್ಟಿಗೆ ತರಿಸಿದೆವು. ಅದಕ್ಕೆ ಮೂರು ದಿನ ಹೋಯಿತು. ಮೂರೂ ಹೊಸ ಯಂತ್ರಗಳನ್ನು ಒಟ್ಟಿಗೆ ಚಾಲೂ ಮಾಡಿದರೆ ಫಲಕದ ಸ್ವಿಚ್ಚು ಬೀಳುತ್ತಿತ್ತು. ನಾವಿಬ್ಬರೂ ಲೆಕ್ಕ ಮಾಡುತ್ತ ಕುಳಿತಾಗ ಚಾಚಾ ಬಂದು ಒಂದರ ನಂತರ ಒಂದು, ನಡುವೆ ಒಂದು ನಿಮಿಷ ಬಿಟ್ಟು ಚಾಲೂ ಮಾಡಿದರು.

"ಮೂರ ಮಂದಿ ಒಮ್ಮೆಲೇ ಬಾಗಲದಾಗ ತೂರಿದ್ರ ಸಿಕ್ಕೋತಾರ್ರೀ. ಇದಕ್ಕ ಯುನಿವರ್ಸಿಟಿ ಬೇಕೇನು?"

ಬಂದ್‌ನ ಮೊದಲ ದಿನ ಬೆಳಿಗ್ಗೆ ಎಂಟು ಗಂಟೆಗೆ ಕೋಣೆ ಸೇರಿದೆವು. ಕಾರ್ಖಾನೆ ನಿಶ್ಶಬ್ದವಾಗಿತ್ತು. ಹಳೆಯ ನೆಟ್‌ವರ್ಕ್ ಸ್ವಿಚ್ ಬದಲಿಸಲು ಅದನ್ನು ಮೊದಲೇ ಬಂದ್ ಮಾಡಿದೆವು. ಅದರೊಡನೆ ಕಾರ್ಖಾನೆಯ ಒಳಗಿನ ಟೆಲಿಫೋನುಗಳೂ ಸತ್ತವು. ಬಂದ್ ಇದೆಯಲ್ಲ, ಯಾರಿಗೆ ಬೇಕು ಎಂದುಕೊಂಡೆವು. ಆಮೇಲೆ ಎಲ್ಲಕ್ಕಿಂತ ಸುಲಭದ್ದೆಂದು ಹನ್ನೆರಡನೆಯ ಯಂತ್ರಕ್ಕೆ ಕೈ ಹಾಕಿದೆವು. ನಾನೇ ಗುಂಡಿ ಒತ್ತಿದೆ. ಅದರ ಪಂಖಾ ನಿಂತಿತು. ನೋಟ್‌ಬುಕ್‌ನಲ್ಲಿ ಒಂಬತ್ತು ಗಂಟೆ ಹತ್ತು ನಿಮಿಷ ಎಂದಿದೆ.

ಬೇಡವಾದ ವಾಯರುಗಳನ್ನು ಚಾವಣಿಗೆ ಕಟ್ಟಿದ ಕೇಬಲ್ ತಟ್ಟೆಯಿಂದ ಎಳೆದು ತೆಗೆಯುವುದು ಚಾಚಾ ಅವರ ಕೆಲಸ. ಹನ್ನೆರಡನೆಯದರ ನೆಟ್‌ವರ್ಕ್ ಕೇಬಲನ್ನು ಕೈಯಲ್ಲಿ ಹಿಡಿದು, ನಿಚ್ಚಣಿಕೆ ಸರಿಸುತ್ತ ಸರಿಸುತ್ತ ಗೋಡೆಯ ತನಕ ಹೋದರು. ಅಲ್ಲಿ ನಿಂತುಬಿಟ್ಟರು.

"ಸಾಹೇಬ್ರ, ಇದು ನದಿ ಕಡೆ ಹೋಗೂ ಡಬ್ಬಿಗೆ ಹೋಗಿ ಕೂಡೈತಿ."

"ಯಾವ ನದಿ ಕಡೆ?"

"ಎಷ್ಟ ನದಿ ಅದಾವ್ರೀ ನಮ್ಮೂರಾಗ? ಪಂಪ್‌ಹೌಸಿನ ಭೋಂಗಾದ ತಾರ್ ಇದು. ನಾನ ಎಳದೇನಿ. ನೀವ ನಿಂತ ಎಳಸೀರಿ."

ಭೋಂಗಾ ಎಂದರೆ ಸೈರನ್. ಆ ಪದ ಕಿವಿಗೆ ಬಿದ್ದ ಕೂಡಲೇ ಎಲ್ಲ ನೆನಪಾಯಿತು ಎಂದು ಬರೆಯಲು ಆಸೆಯಾಗುತ್ತದೆ. ಹಾಗಾಗಲಿಲ್ಲ. ತುಂಡು ತುಂಡಾಗಿ ಬಂತು. ಒಂಬತ್ತು ವರ್ಷದ ಹಿಂದೆ ಪಂಪ್‌ಹೌಸಿನಿಂದ ಮೇಲ್ಗಡೆ, ಮೊಬೈಲ್ ಸಿಗ್ನಲ್ ಸಿಗುವ ನದಿಯ ತಿರುವಿನಲ್ಲಿ, ಕಂಪನಿಯಿಂದ ಒಂದು ಕಂಬ ನೆಟ್ಟಿದ್ದೆವು. ಕಂಬದ ಮೇಲಿನ ಮಾಪಕ ನೀರಿನ ಮಟ್ಟವನ್ನು ಮೊಬೈಲ್ ಮೆಸೇಜಿನಲ್ಲಿ ಕಳಿಸುತ್ತಿತ್ತು. ಮೋಡೆಮ್ ಅದನ್ನು ಹಿಡಿಯುತ್ತಿತ್ತು. ಮಟ್ಟ ಬೇಗ ಏರಿದರೆ ಈ ಯಂತ್ರ ಕೇಬಲ್ ಮೂಲಕ ಪಂಪ್‌ಹೌಸಿನ ಭೋಂಗಾ ಊದಿಸುತ್ತಿತ್ತು. ನೀರಿನಲ್ಲಿ ನಿಂತವನು ಮೇಲೆ ಬರಲು ಇಪ್ಪತ್ತು ನಿಮಿಷ ಸಿಗುತ್ತಿತ್ತು. ಬೇರೆ ಕೆಲಸಗಳ ನಡುವೆ ಎರಡು ಭಾನುವಾರಗಳಲ್ಲಿ ನಾನೇ ಅದನ್ನು ಕೂಡಿಸಿದ್ದೆ. 'ಳ' ಕಾರದ ಬಾಲ ನನ್ನದೇ ಆಗಿತ್ತು.

ಭೋಂಗಾದ ಕೆಲಸವೇ ಸುಮ್ಮನಿರುವುದು. ಅದು ಬದುಕಿ ಸುಮ್ಮನಿದೆಯೋ ಸತ್ತು ಸುಮ್ಮನಿದೆಯೋ ಎಂಬುದು ದೂರದಿಂದ ತಿಳಿಯುವುದಿಲ್ಲ. ಅಂಥ ಯಂತ್ರದ ಕೇಬಲ್ ಕಿತ್ತು ಯಾರಾದರೂ ಕೂಗುತ್ತಾರೆಯೇ ಎಂದು ನಾನು ಕಾದಿದ್ದೆ. ಕೂಗುವ ವಸ್ತುವನ್ನೇ ಮೂಕ ಮಾಡಿ, ಕೂಗು ಕೇಳುತ್ತಿಲ್ಲ ಎಂದು ಬರೆದುಕೊಂಡಿದ್ದೆ.

"ಇವತ್ತ ಜಾಲರಿ ಸಫಾಯಿ ಐತ್ರೀ," ಎಂದರು ಚಾಚಾ ನಿಚ್ಚಣಿಕೆಯಿಂದ ಇಳಿಯುತ್ತ.

ಪಂಪು ಓಡುವಾಗ ಮೊಣಕಾಲುದ್ದ ನೀರು ದಾಟಿ ಜಾಲರಿಯ ಹತ್ತಿರ ಯಾರೂ ಇಳಿಯುವುದಿಲ್ಲ, ಸೆಳೆತ ಇರುತ್ತದೆ. ಕಾರ್ಖಾನೆ ಬಂದ್ ಇದ್ದಾಗ ಮಾತ್ರ ಪಂಪು ನಿಲ್ಲುತ್ತದೆ. ಆಗ ಆಪರೇಟರ್ ಎದೆಮಟ್ಟದ ನೀರಿಗಿಳಿದು ಇಡೀ ಜಾಲರಿಯನ್ನು ತಿಕ್ಕುತ್ತಾನೆ. ಸರ್ವರುಗಳಿಗೆ ವರ್ಷದಲ್ಲೇ ಅತ್ಯಂತ ಸುರಕ್ಷಿತವೆಂದು ನಾನು ಆರಿಸಿದ ದಿನ ಅವನು ನೀರಿನೊಳಗೆ ಅತ್ಯಂತ ಆಳದಲ್ಲಿರುವ ದಿನ.

ಪಂಪ್‌ಹೌಸಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಒಳಗಿನ ಟೆಲಿಫೋನನ್ನು ನಾವೇ ಬೆಳಿಗ್ಗೆ ಸಾಯಿಸಿದ್ದೆವು. ಇಂಜಿನಿಯರಿಗೆ ಹಳೆಯ ಸ್ವಿಚ್ಚನ್ನು ಮತ್ತೆ ಕೂಡಿಸಿ, ಹನ್ನೆರಡನೆಯ ಯಂತ್ರಕ್ಕೆ ಕೇಬಲ್ ಚುಚ್ಚಿ ಚಾಲೂ ಮಾಡು ಎಂದು ಹೇಳಿ, ಚಾಚಾ ಅವರ ಬೈಕಿನ ಹಿಂದೆ ಕುಳಿತೆ.

ದಾರಿಯಲ್ಲಿ ಒಂದು ಕಡೆ ಚಾಚಾ, "ಹೆಗಲ ಬಿಡ್ರೀ, ಗಾಡಿ ಓಲಾಡತೈತಿ," ಎಂದರು. ಅಷ್ಟೇ ನೆನಪು.

ನಾವು ಹೋದಾಗ ಪಂಪ್ ಆಪರೇಟರ್ ಎದೆಮಟ್ಟದ ನೀರಿನಲ್ಲಿದ್ದ. ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಕಬ್ಬಿಣದ ಏಣಿಗೆ. ತಂತಿ ಬ್ರಶ್ಶಿನಿಂದ ಜಾಲರಿ ತಿಕ್ಕುತ್ತಿದ್ದ. ನದಿಯ ಮೇಲ್ಗಡೆ, ಕೂಗಳತೆಯ ದೂರದ ಬಂಡೆಯ ಮೇಲೆ ಅವನ ಹೆಂಡತಿ ಕುಳಿತಿದ್ದಳು. ಅವಳೂ ನಮ್ಮಲ್ಲೇ ಗುತ್ತಿಗೆಯಲ್ಲಿ ಅಂಗಳ ಗುಡಿಸುವವಳು. ತೊಡೆಯ ಮೇಲೆ ಊಟದ ಸ್ಟೀಲ್ ತಾಟು, ಕೈಯಲ್ಲಿ ಸೌಟು.

"ಮೇಲೆ ಬಾ!" ಎಂದು ಕೂಗಿದೆ. "ಭೋಂಗಾ ಬಂದ್ ಆಗಿದೆ!"

ಅವನು ಬ್ರಶ್ ನಿಲ್ಲಿಸಲಿಲ್ಲ. "ಗೊತ್ತೈತ್ರಿ ಸಾಹೇಬ್ರ. ಹದಿನೈದ ದಿನಾತು."

"ಗೊತ್ತಿದ್ದರೆ ಯಾಕೆ ಹೇಳಲಿಲ್ಲ?"

ಈಗ ಬ್ರಶ್ ನಿಂತಿತು. "ದಿನಾ ಬರದೇನಲ್ರೀ. ನೀವ ಹೇಳಿದ್ರಿ ಆವಾಗ, ಮುಂಜಾನೆ ಏಳಕ್ಕ ಒಮ್ಮೆ ಸಣ್ಣಂಗ ಊದತೈತಿ, ಊದಿದ್ರ ಜೀವಂತ ಐತಿ, ಊದಲಿಲ್ಲಂದ್ರ ಬುಕ್ಕಿನ್ಯಾಗ ಬರಿ ಅಂತ. ಬರದೇನಿ. ಒಳಗ ಟೇಬಲ್ ಮ್ಯಾಲ ಐತಿ ನೋಡ್ರಿ."

ಪಂಪ್‌ಹೌಸಿನ ಒಳಗೆ ಹೋಗಿ ಪುಸ್ತಕ ತಂದೆ. ಆ ಸೋಮವಾರದ ಮರುದಿನದಿಂದ ಶುರು. 'ಮುಂಜಾನೆ ಭೋಂಗಾ ಇಲ್ಲ.' ಮರುದಿನ, 'ಭೋಂಗಾ ಇಲ್ಲ.' ಮೂರನೆಯ ದಿನ, 'ಭೋಂಗಾ ಇಲ್ಲ. ದಯವಿಟ್ಟು ನೋಡಬೇಕು.' ಹೀಗೆ ಹದಿನೈದು ಸಾಲು. ನಾನು ಬಯಸಿದ್ದ ಕೂಗು ಅಲ್ಲಿತ್ತು, ದಿನಕ್ಕೊಂದರಂತೆ, ತಾರೀಖಿನ ಸಮೇತ.

"ಮತ್ತೆ ನೀರಿಗೆ ಯಾಕೆ ಇಳಿದೆ?"

"ವರ್ಷಕ್ಕ ಒಂದ ಸಲ ಪಂಪ್ ನಿಂದ್ರತೈತ್ರಿ. ಇವತ್ತ ತಿಕ್ಕಲಿಲ್ಲಂದ್ರ ಇನ್ಯಾವಾಗ? ಭೋಂಗಾ ಇಲ್ಲಂತ ಅಕೀನ ಕುಂದರಿಸೇನಿ."

ಚಾಚಾ ಬಂಡೆಯ ಕಡೆ ಕೈ ಮಾಡಿ, "ಏನವ್ವಾ, ತಾಟಿನ್ಯಾಗ ಊಟ ಐತೋ, ಬರೇ ಬಡಿಯಾಕ ಐತೋ?" ಎಂದು ಕೂಗಿದರು.

"ಮೊದಲ ಬಡಿಯೂದು, ಆಮ್ಯಾಲೆ ಊಟಾ, ಚಾಚಾ!"

ಮೇಲೆ ಬಾ ಎಂದು ನಾನು ಮತ್ತೆ ಹೇಳಿದೆ. ಇನ್ನು ಅರ್ಧ ಜಾಲರಿ ಉಳಿದಿದೆ ಎಂದ. ನಾವು ಹೀಗೆ ಎಳೆದಾಡುತ್ತಿರುವಾಗಲೇ ತಾಟಿನ ಸದ್ದು ಶುರುವಾಯಿತು. ನಿಲ್ಲದ, ಒರಟು ಸದ್ದು. ಅವಳು ಕುಳಿತ ಬಂಡೆಯ ಬುಡದ ಒಂದು ಸಣ್ಣ ಕಲ್ಲು ಮುಳುಗಿದರೆ ಬಡಿಯಬೇಕು ಎಂಬುದು ಗಂಡ ಹೆಂಡಿರ ಒಪ್ಪಂದ. ಅವನು ಬ್ರಶ್ಶನ್ನು ಬಾಯಲ್ಲಿ ಕಚ್ಚಿಕೊಂಡು, ಅವಸರವಿಲ್ಲದೆ, ಆದರೆ ಒಂದು ಕ್ಷಣವೂ ನಿಲ್ಲದೆ ಏಣಿ ಹತ್ತಿದ. ಅವನು ಮೇಲೆ ಬಂದು ಹಗ್ಗ ಬಿಚ್ಚುವಷ್ಟರಲ್ಲಿ, ಅವನ ಹೆಗಲಿನ ಪಕ್ಕ ನೀರಿನ ಮೇಲಿದ್ದ ಕಾಂಕ್ರೀಟಿನ ಗೋಡೆಯಂಚು ಕಾಣದಾಗಿತ್ತು. ನೀರು ಸದ್ದಿಲ್ಲದೆ ಏರಿತ್ತು.

ನನ್ನ ನೆನಪಿನಲ್ಲಿ ನಾನು ಹಗ್ಗ ಎಳೆಯುತ್ತಿದ್ದೇನೆ. ಅಂಗೈಗೆ ಅದರ ಒರಟುತನವೂ ತಿಳಿಯುತ್ತದೆ. ಚಾಚಾ ಬೇರೆ ಹೇಳುತ್ತಾರೆ: "ನೀವೆಲ್ಲಿ ಎಳದ್ರಿ? ಬುಕ್ಕ ಹಿಡಕೊಂಡ ನಿಂತಿದ್ರಿ." ಹಗ್ಗ ಎಳೆದದ್ದು ಅವರು. ನಾನು ಅವರನ್ನೇ ನಂಬುತ್ತೇನೆ.

ಸರ್ವರ್ ಕೋಣೆಗೆ ವಾಪಸು ಬಂದಾಗ ಸ್ವಿಚ್ ಕೂಡಿತ್ತು, ಟೆಲಿಫೋನುಗಳು ಬದುಕಿದ್ದವು. ಹನ್ನೆರಡನೆಯ ಯಂತ್ರ ಮಾತ್ರ ಏಳಲಿಲ್ಲ. ಒಂಬತ್ತು ವರ್ಷ ನಿಲ್ಲದೆ ತಿರುಗಿದ ಡಿಸ್ಕು ಒಮ್ಮೆ ನಿಂತ ಮೇಲೆ ಮತ್ತೆ ತಿರುಗಲು ಒಪ್ಪಲಿಲ್ಲ. ಟಿಕ್ ಟಿಕ್ ಎನ್ನುತ್ತಿತ್ತು.

ಇಂಜಿನಿಯರ್ ನನ್ನ ಮುಖ ನೋಡಿ ಹೇಳಿದ, "ಸರ್, ನಿನ್ನೆ ಇದರ ನಕಲು ತಗದಿಟ್ಟೇನಿ."

"ಪಾಸ್‌ವರ್ಡ್ ಇಲ್ಲದೆ ಹೇಗೆ?"

"ಬ್ಯಾರೆ ಡಿಸ್ಕಿನಿಂದ ಚಾಲೂ ಮಾಡಿ ತಗದ್ನಿ. ಒಂದ ಹದಿನೈದ ನಿಮಿಷ ಬಂದ್ ಇತ್ತು ಅಷ್ಟ."

ಹಾಗೆ ಚಾಲೂ ಮಾಡುವಾಗ ಯಂತ್ರಕ್ಕೆ ವಿದ್ಯುತ್ ತಪ್ಪಿರಲಿಲ್ಲ, ಡಿಸ್ಕು ತಿರುಗುತ್ತಲೇ ಇತ್ತು. ಆ ನಕಲು ತೆಗೆಯಲು ನಾನೇ ಹೇಳಿದ್ದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ನೋಟ್‌ಬುಕ್‌ನಲ್ಲಿ ಅದಿಲ್ಲ. ಇಂಜಿನಿಯರನ್ನು ಕೇಳಿದರೆ, "ಯಾರೂ ಹೇಳಿಲ್ಲ ಸರ್, ರೂಢಿ," ಎಂದ.

ಸಾಗಿಸುವ ಯಾದಿಯಲ್ಲೇ ಇಲ್ಲದ ಆ ಯಂತ್ರವನ್ನು ಆ ಬಂದ್‌ನಲ್ಲಿ ಎಲ್ಲಕ್ಕಿಂತ ಮೊದಲು ಸಾಗಿಸಿದೆವು. ನಕಲನ್ನು ಮೊದಲ ಹೊಸ ಯಂತ್ರದೊಳಗೆ ಎಬ್ಬಿಸಿ, ಮೋಡೆಮನ್ನೂ ನದಿ ಕಡೆಯ ಕೇಬಲನ್ನೂ ಅದರ ಬೆನ್ನಿಗೆ ಚುಚ್ಚಿ, ಒಳಗಿನ ವರ್ಚುವಲ್ ಯಂತ್ರಕ್ಕೆ ಒಪ್ಪಿಸಿದೆವು. ಒಂದು ಗಂಟೆಯೊಳಗೆ ಕಂಬದ ಮೆಸೇಜುಗಳು ಬರತೊಡಗಿದವು. ಪಂಪ್‌ಹೌಸಿಗೆ ಫೋನ್ ಮಾಡಿ, ಭೋಂಗಾ ಊದಿಸಿ, ಕೇಳಿಸಿತೇ ಎಂದು ಕೇಳಿದೆ.

"ಕೇಳಿಸ್ತರಿ. ನೀರ ಮತ್ತೇನೂ ಏರಿಲ್ಲಲ್ಲ, ಯಾಕ ಊದಿದ್ರಿ?"

ಆದರೆ ಇದು ಪೂರ್ತಿ ಪರಿಹಾರವಲ್ಲ. ಮೋಡೆಮ್ ಒಂದು ಯಂತ್ರಕ್ಕೆ ಅಂಟಿಕೊಂಡಿದೆ. ಆ ಯಂತ್ರ ಕೆಟ್ಟರೆ ಉಳಿದ ಸರ್ವರುಗಳು ಪಕ್ಕದ ಯಂತ್ರಕ್ಕೆ ಹಾರಿ ಬದುಕುತ್ತವೆ, ಭೋಂಗಾ ಸಾಯುತ್ತದೆ. ಯೋಚಿಸಿದಷ್ಟೂ ಒಂದು ಮಾತು ಸ್ಪಷ್ಟವಾಯಿತು. ನೀರಿನಲ್ಲಿ ನಿಂತವನಿಗೆ ಬೇಕಾದ ವಸ್ತು ನಾಲ್ಕು ಕಿಲೋಮೀಟರ್ ದೂರದ ನಮ್ಮ ಕೋಣೆಯಲ್ಲಿ ಇರಲೇಬಾರದು.

ಮಧ್ಯಾಹ್ನ ಜನರಲ್ ಮ್ಯಾನೇಜರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಚೀಟಿ ಬರೆದವನು, ಕೇಬಲ್ ಕಿತ್ತವನು, ಗುಂಡಿ ಒತ್ತಿದವನು ನಾನೇ ಎಂದೂ ಹೇಳಿದೆ. ಜಾಲರಿಯ ಕೆಲಸ ಮುಗಿಯುವ ತನಕ ಸ್ವಿಚ್ಚಿಗೂ ಮೊದಲ ಯಂತ್ರಕ್ಕೂ ಕೈ ಹಚ್ಚುವುದಿಲ್ಲ, ಉಳಿದ ಸರ್ವರುಗಳಲ್ಲಿ ಎರಡು ಈ ಬಂದ್‌ನಲ್ಲಿ ಆಗದೇ ಹೋಗಬಹುದು ಎಂದೆ.

"ಭೋಂಗಾ ಈಗ ಊದಾಕತ್ತೈತಲ್ಲ. ಮತ್ತ ಕೆಲಸಾ ಯಾಕ ನಿಂದ್ರಸ್ತೀರಿ?"

"ಇವತ್ತು ಬೆಳಿಗ್ಗೆ ತನಕ ಅದು ನಡೀತಿದೆ ಅಂತಲೇ ಎಲ್ಲರೂ ತಿಳಿದಿದ್ದರು ಸರ್. ಅಲ್ಲ, ಅದು ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ."

ಅವರು ಸ್ವಲ್ಪ ಹೊತ್ತು ಪೆನ್ನಿನ ಟೊಪ್ಪಿಗೆ ತೆಗೆದು ಹಾಕಿ ಮಾಡಿದರು. "ಅಂವ ಎಷ್ಟ ದಿನಾ ತಿಕ್ಕತಾನು?"

"ಮೂರು ದಿನ."

"ತಿಕ್ಕಲಿ. ಉಳದ ಎರಡ ದಿನದಾಗ ಆದಷ್ಟ ಮಾಡ್ರಿ. ಮತ್ತ ನದೀ ದಂಡಿ ಮ್ಯಾಲ ಏನ ಕೂಡಸ್ತೀರೋ ಬರಕೊಡ್ರಿ, ಸಹಿ ಮಾಡ್ತೇನಿ."

ಮೂರು ದಿನ ಸುಮ್ಮನೆ ಕೂರುವುದು ಕಷ್ಟವಾಯಿತು. ಎರಡನೆಯ ದಿನ ನನ್ನ ಟೇಬಲ್ ಸ್ವಚ್ಛ ಮಾಡಲು ಕುಳಿತೆ. ಹಳದಿ ಹಾಳೆಗಳ ಒಂದು ಕಟ್ಟು ಇತ್ತು. ಪಂಪ್‌ಹೌಸಿನ ಪುಸ್ತಕದ ಕಾರ್ಬನ್ ಪ್ರತಿ ವಾರಕ್ಕೊಮ್ಮೆ ನನ್ನ ಟೇಬಲ್‌ಗೆ ಬರುತ್ತದೆ. ಯಾಕೆ ಬರುತ್ತದೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಅದು ಒಂಬತ್ತು ವರ್ಷದ ಹಿಂದೆ ನಾನೇ ಮಾಡಿಸಿದ ಏರ್ಪಾಡು ಎಂದು ಈಗ ಹೊಳೆಯಿತು. ಭೋಂಗಾ ಊದದಿದ್ದರೆ ಆ ಸುದ್ದಿ ನೇರವಾಗಿ ನನಗೇ ಬರಲಿ ಎಂದು. ಹಿಂಬದಿ ಖಾಲಿ ಇರುವುದರಿಂದ ಅವನ್ನು ರಫ್ ಕಾಗದವಾಗಿ ಬಳಸುತ್ತಿದ್ದೆ. ಮೇಲಿನ ಹಾಳೆಯ ಹಿಂದೆ ಹೊಸ ಮೂರು ಯಂತ್ರಗಳ ಜೋಡಣೆಯ ಚಿತ್ರ ಬರೆದಿದ್ದೆ. ಚೆನ್ನಾಗಿ ಬಂದಿತ್ತು ಚಿತ್ರ. ತಿರುಗಿಸಿ ಓದಿದೆ. 'ಭೋಂಗಾ ಇಲ್ಲ. ದಯವಿಟ್ಟು ನೋಡಬೇಕು.'

ಅದನ್ನು ಯಾರಿಗೂ ತೋರಿಸಲಿಲ್ಲ. ಇಲ್ಲಿಯೇ ಮೊದಲು ಹೇಳುತ್ತಿರುವುದು.

ಉಳಿದ ಎರಡು ದಿನಗಳಲ್ಲಿ ಎಲ್ಲ ಆಗಲಿಲ್ಲ. ಹಾಜರಿಯ ಸರ್ವರ್ ಮತ್ತು ಕುಂಬಾರವಾಡದ ತೋಟದ್ದು ಉಳಿದವು. ಮುಂದೆ ಎರಡು ಭಾನುವಾರಗಳಲ್ಲಿ ಅವನ್ನೂ ಸಾಗಿಸಿದೆವು. ಪಂಪ್‌ಹೌಸಿನೊಳಗೆ ಬ್ಯಾಟರಿಯ ಮೇಲೆ ನಡೆಯುವ ಒಂದು ಪುಟ್ಟ ಪೆಟ್ಟಿಗೆ ಕೂಡಿಸಿದೆವು. ಕಂಬಕ್ಕೂ ಅದಕ್ಕೂ ನಡುವೆ ಈಗ ರೇಡಿಯೋ ಸಂಪರ್ಕ. ನಮ್ಮ ಕೋಣೆ ಪೂರ್ತಿ ಸುಟ್ಟರೂ ಭೋಂಗಾ ಊದುತ್ತದೆ. ಮುಂಜಾನೆ ಏಳಕ್ಕೆ ಅದರ ಸಣ್ಣ ಊದು ಹಾಗೆಯೇ ಇದೆ. ಅದು ಆಪರೇಟರನ ಒತ್ತಾಯ. ಫಾರ್ಮಿನ ಮೊದಲ ಪ್ರಶ್ನೆಯನ್ನು ಬದಲಿಸಿದ್ದೇನೆ: ನಿಮ್ಮ ಕೆಲಸದಲ್ಲಿ ನೀವು ಏನನ್ನು ಕಾಯುತ್ತೀರಿ, ಏನನ್ನು ಕೇಳಿಸಿಕೊಳ್ಳುತ್ತೀರಿ?

ಪ್ರತಿ ಶನಿವಾರ ಪಂಪ್‌ಹೌಸಿಗೆ ಹೋಗಿ ಪುಸ್ತಕ ಓದಿ ಸಹಿ ಹಾಕುತ್ತೇನೆ. ಹಳದಿ ಹಾಳೆಯನ್ನು ನಾನೇ ಹರಿದು ತರುತ್ತೇನೆ.

ಮುಂದಿನ ವರ್ಷದ ಬಂದ್‌ನಲ್ಲಿ ಹೋದಾಗ ಅವನು ಎದೆಮಟ್ಟದ ನೀರಿನಲ್ಲಿದ್ದ. ಬಂಡೆಯ ಮೇಲೆ ಹೆಂಡತಿ, ತಾಟು, ಸೌಟು.

"ಈಗ ಭೋಂಗಾ ಸರಿಯಿದೆಯಲ್ಲ," ಎಂದೆ. "ಪಾಪ, ಅವಳನ್ನ ಯಾಕೆ ಬಿಸಿಲಲ್ಲಿ ಕೂರಿಸಿದೀಯ?"

ಅವನು ಬ್ರಶ್ಶನ್ನು ನೀರಿನಲ್ಲಿ ಅದ್ದಿ ತೊಳೆದ.

"ಭೋಂಗಾನೂ ಇರ್ಲಿ ಸಾಹೇಬ್ರ. ಅದು ನೀವು ನೆನಪಿಟ್ರ ಊದತೈತಿ."

ಬಂಡೆಯ ಕಡೆಯಿಂದ ಅವಳು, "ಏನಂತಾರ ಫಾರ್ಮಿನ ಸಾಹೇಬ್ರು?" ಎಂದು ಕೂಗಿದಳು.

"ನಿನ್ನ ಮನೀಗಿ ಕಳಸಂತಾರ!"

"ಅವರ ಬಂದ ಕುಂದರ್ತಾರೇನು ಕೇಳು!"

ನಾನು ಹೋಗಿ ಕುಳಿತೆ. ಊಟದ ಹೊತ್ತಿನ ತನಕ ಅವಳಿಗೆ ಬಿಡುವು ಕೊಟ್ಟೆ. ಮುಳುಗಬಾರದ ಕಲ್ಲು ಯಾವುದೆಂದು ಅವಳು ತೋರಿಸಿಕೊಟ್ಟಳು. ಮರೆಯಬಾರದೆಂದು ನೋಟ್‌ಬುಕ್‌ನಲ್ಲಿ ಅದರ ಚಿತ್ರ ಬರೆದುಕೊಂಡೆ. ಆಮೇಲೆ ನೋಟ್‌ಬುಕ್ ಜೇಬಿಗಿಟ್ಟು, ಕಲ್ಲನ್ನೇ ನೋಡುತ್ತ ಕುಳಿತೆ.